ದಾವಣಗೆರೆಗೆ ಹಳೇ ಎಂಜಿಬಿಯಲ್ಲಿ: ಹೊರಡೋ ಮುಂಚೆ ಟೈರಿನ ತಾರೀಖು ನೋಡಿ

ಟೈರಿನ ಮೇಲೆ ಅದು ತಯಾರಾದ ತಾರೀಖು ಇರುತ್ತೆ. ಕಾರು ತಗೊಂಡು ಮೂರು ವರ್ಷ ಆಗಿದ್ದರೂ ನಾನು ಅದನ್ನು ಓದಿರಲಿಲ್ಲ. ಓದಿದ್ದು ಶಿರಾ ದಾಟಿದ ಮೇಲೆ, ಹೆದ್ದಾರಿ ಪಕ್ಕ ಮಂಡಿಯೂರಿ ಕೂತು. ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಚಿತ್ರದುರ್ಗ, ದಾವಣಗೆರೆ ಕಡೆ ಹೊರಡುವ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು 1968ರ ಎಂಜಿಬಿ ರೋಡ್‌ಸ್ಟರ್. ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆಯ ಟಾಪು, 1798 ಸಿಸಿ ಇಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಕಡ್ಡಿ ಗಾಲಿ. ಒಂದೊಂದು ಗಾಲಿಗೆ 60 ಕಡ್ಡಿ (ಸ್ಪೋಕ್). ಬೆಳಗಿನ ಬಿಸಿಲು ಅದರ ಮೇಲೆ ಬಿದ್ದಾಗ ನೋಡಬೇಕು ನೀವು. ಮಾರಿದವರು "ನಾಲ್ಕೂ ಹೊಸ ಟೈರು ಸಾರ್, ಓಡೇ ಇಲ್ಲ" ಅಂದಿದ್ದರು. ನಾನು ಗ್ರಿಪ್ ನೋಡಿದೆ, ಸವೆದೇ ಇರಲಿಲ್ಲ, ನಂಬಿದೆ. ಓಡಿಲ್ಲ ಅನ್ನೋದು ನಿಜವೇ. ಹೊಸದು ಅನ್ನೋದು ಸುಳ್ಳು.

ಹೊರಡುವ ಮುಂಚೆ ಇಂಜಿನ್ ಕಡೆಯ ಕೆಲಸ ಎಲ್ಲ ಮಾಡಿಸಿದ್ದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದು ಹಳೇ ಕಾಲದ ರಬ್ಬರ್ ಪೈಪನ್ನು ಮೆತ್ತಗೆ ಮಾಡಿ ತಿಂದುಹಾಕುತ್ತೆ, ಹಾಗಾಗಿ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಎಲ್ಲ ಪೈಪೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿದ್ದೆ. ಇದನ್ನು ಮಾತ್ರ ಯಾರೂ ಮುಂದಕ್ಕೆ ಹಾಕಬೇಡಿ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಕಾರು ಉಳಿಯಲ್ಲ. ರೇಡಿಯೇಟರ್ ತೊಳೆಸಿದ್ದೆ, ಬ್ರೇಕ್ ನೋಡಿಸಿದ್ದೆ. ಟೈರಿಗೆ ಗಾಳಿ ಹಿಡಿಸಿದ್ದು ಅಷ್ಟೇ.

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟೆವು. ಜೊತೆಗೆ ನನ್ನ ಬಾಮೈದ. ತುಮಕೂರುವರೆಗೆ ಚಳಿಗೆ ಟಾಪು ಹಾಕಿಕೊಂಡೇ ಹೋದೆವು. ಶಿರಾ ಹತ್ತಿರ ಬಿಸಿಲು ಏರಿತು, ಟಾಪು ಇಳಿಸಿದೆವು. ರಾಷ್ಟ್ರೀಯ ಹೆದ್ದಾರಿ 48 ಅಲ್ಲಿ ನೇರ, ಎರಡೂ ಕಡೆ ಬಯಲು, 70ರಲ್ಲಿ ಇಂಜಿನ್ ಹಾಯಾಗಿ ಹಾಡಿಕೊಂಡು ಹೋಗುತ್ತಿತ್ತು. ಆಮೇಲೆ ಸ್ಟೇರಿಂಗ್ ನಡುಗಲು ಶುರುವಾಯಿತು. ಮೊದಲು ರಸ್ತೆಯೇ ಸರಿ ಇಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಧಡ್ ಧಡ್ ಅಂತ ಸದ್ದು ಬಂತು. "ಭಾವ, ನಿಲ್ಸಿ, ನಿಲ್ಸಿ" ಅಂದ.

ಮುಂದಿನ ಎಡಗಾಲಿಯ ಟೈರು ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. ಪಕ್ಕೆಯ ತುಂಬ ಕೂದಲೆಳೆಯಂಥ ಬಿರುಕು. ಆಗ ಓದಿದೆ. ಟೈರಿನ ಪಕ್ಕೆಯಲ್ಲಿ ಡಿಒಟಿ ಅಂತ ಶುರುವಾಗುವ ಅಕ್ಷರಗಳ ಸಾಲು ಇರುತ್ತೆ, ಅದರ ಕೊನೆಯ ನಾಲ್ಕು ಅಂಕಿ ನೋಡಬೇಕು. ನನ್ನದರಲ್ಲಿ 3809 ಅಂತಿತ್ತು. ಅಂದರೆ 2009ರ 38ನೇ ವಾರ ತಯಾರಾದದ್ದು. ಅಂಕಿ ಮೂರೇ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು, ಅದರಲ್ಲಿ ಮನೆ ಗೇಟೂ ದಾಟಬೇಡಿ. ಕೆಲವು ಸಲ ಈ ಅಂಕಿ ಟೈರಿನ ಒಳಮೈ ಕಡೆ ಇರುತ್ತೆ, ಕಾರಿನ ಕೆಳಗೆ ತಲೆ ಹಾಕಿ ನೋಡಬೇಕಾಗುತ್ತೆ. ಟೈರು ಓಡದಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತೆ. ಗ್ರಿಪ್ ಎಷ್ಟೇ ಚೆನ್ನಾಗಿರಲಿ, ಹತ್ತು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ ಅಂತ ಟೈರು ಮಾಡುವವರೇ ಹೇಳುತ್ತಾರೆ. ನಮ್ಮಂಥವರ ಕಾರು ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡಲ್ಲ. ಟೈರು ಸವೆಯುವ ಮುಂಚೆ ಮುದಿಯಾಗುತ್ತೆ.

ಸ್ಟೆಪ್ನಿ ಹಾಕಿ ಹೊರಟೆವು. ಅದೂ ಅದೇ ವಯಸ್ಸಿನದು. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಅದರ ಗಾಳಿ ಇಳಿಯತೊಡಗಿತು. ಹಿರಿಯೂರಿಗೆ ಮುಂಚೆ ಒಂದು ಪಂಚರ್ ಅಂಗಡಿ ಸಿಕ್ಕಿತು.

ಕಡ್ಡಿ ಗಾಲಿಗೆ ನಾಲ್ಕೈದು ಬೋಲ್ಟ್ ಇರಲ್ಲ. ನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೆ ಎರಡು ಕಿವಿ. ಕಿವಿಗೆ ಸುತ್ತಿಗೆಯಿಂದ ಹೊಡೆದು ಬಿಚ್ಚಬೇಕು, ಹೊಡೆದು ಬಿಗಿಯಬೇಕು. ಸುತ್ತಿಗೆ ತಾಮ್ರದ್ದು ಆಗಿರಬೇಕು, ಕಬ್ಬಿಣದ್ದಾದರೆ ಕಿವಿ ಹಾಳಾಗುತ್ತೆ. ಎಡಗಡೆ, ಬಲಗಡೆಯ ನಟ್ಟಿನ ಮರೆಗಳು (ತಿರುಪಿನ ಸುತ್ತು) ಒಂದಕ್ಕೊಂದು ಉಲ್ಟಾ. ನೆನಪಿಟ್ಟುಕೊಳ್ಳಲು ಸುಲಭ: ಯಾವ ಪಕ್ಕವೇ ಆಗಲಿ, ಮೇಲಿನ ಕಿವಿಯನ್ನು ಕಾರಿನ ಮುಂದಕ್ಕೆ ಹೊಡೆದರೆ ಸಡಿಲ, ಹಿಂದಕ್ಕೆ ಹೊಡೆದರೆ ಬಿಗಿ. ಅಂಗಡಿಯ ಹುಡುಗ ನಾನು ಕಾರಿನಿಂದ ಇಳಿಯುವಷ್ಟರಲ್ಲಿ ಕಬ್ಬಿಣದ ಸುತ್ತಿಗೆ ತಂದು ಹಿಂದಕ್ಕೆ ಎರಡು ಏಟು ಹಾಕಿಬಿಟ್ಟಿದ್ದ. ತಡೆದೆ, ನನ್ನ ಸುತ್ತಿಗೆ ಕೊಟ್ಟೆ. ಟೈರು ಬಿಚ್ಚಿದ ಮೇಲೆ "ಟ್ಯೂಬ್‌ಲೆಸ್ ಟೈರಿಗೆ ಟ್ಯೂಬ್ ಯಾಕೆ ಸಾರ್?" ಅಂತ ಕೇಳಿದ. ಒಳ್ಳೇ ಪ್ರಶ್ನೆಯೇ. ಕಡ್ಡಿಗಳ ತುದಿ ರಿಮ್ಮಿನ ಒಳಗೆ ಬಂದಿರುತ್ತೆ, ಆ ತೂತುಗಳಲ್ಲಿ ಗಾಳಿ ನಿಲ್ಲಲ್ಲ, ಅದಕ್ಕೇ ಟ್ಯೂಬು ಬೇಕೇ ಬೇಕು ಅಂತ ತೋರಿಸಿ ಹೇಳಿದೆ. ಅಂಗಡಿಯವರು ಬಂದು ನೋಡಿ, ಟ್ಯೂಬು ಹೋಗಿದೆ, ಹೊಸದು ಹಾಕಬೇಕು, ಕೂಲಿ ಸೇರಿ ₹900 ಅಂದರು. ನಾವು ಎದುರಿಗೆ ಟೀ ಕುಡಿಯಲು ಹೋದೆವು. ಅಲ್ಲೇ ತಪ್ಪಾಗಿದ್ದು. ನೀವು ಯಾರೂ ಗಾಲಿ ಬಿಚ್ಚಿಟ್ಟು ಟೀಗೆ ಹೋಗಬೇಡಿ.

ವಾಪಸ್ ಬಂದಾಗ ಗಾಲಿ ಸಿದ್ಧವಾಗಿತ್ತು, ನಾಲ್ಕಕ್ಕೂ 35 ಗಾಳಿ ತುಂಬಿದ್ದರು. ನನ್ನ ಕಾರಿನ ಪುಸ್ತಕದಲ್ಲಿರುವುದು ಮುಂದೆ 21, ಹಿಂದೆ 24. ಹಗುರ ಕಾರಿಗೆ 35 ತುಂಬಿದರೆ ಸಣ್ಣ ಗುಂಡಿಗೂ ಕುಪ್ಪಳಿಸುತ್ತೆ, ಕಡ್ಡಿಗಳಿಗೂ ಪೆಟ್ಟು. ಗಾಳಿ ಅಳೆಯುವ ಸ್ವಂತ ಗೇಜ್ ಜೇಬಿನಲ್ಲಿ ಇಟ್ಟುಕೊಳ್ಳಿ.

ಅಲ್ಲಿಂದ ಚಿತ್ರದುರ್ಗದವರೆಗೆ 40ರ ಮೇಲೆ ಹೋಗಲಿಲ್ಲ. ವಾಣಿ ವಿಲಾಸ ಸಾಗರಕ್ಕೆ ಹೋಗಬೇಕು ಅಂತ ಆಸೆ ಇತ್ತು, ಬಿಟ್ಟೆವು. ಗುಯಿಲಾಳು ಟೋಲ್‌ನಲ್ಲಿ ಫಾಸ್ಟ್ಯಾಗ್ ಓದಲೇ ಇಲ್ಲ. ಈ ಕಾರಿನ ಮುಂದಿನ ಗಾಜು ಅಷ್ಟು ಗಿಡ್ಡ. ಬಾಮೈದ ಎದ್ದು ನಿಂತು ಟ್ಯಾಗನ್ನು ಕೈಯಲ್ಲಿ ಎತ್ತಿ ಹಿಡಿದ ಮೇಲೆ ಗೇಟು ತೆರೆಯಿತು. ಗಾಳಿಯಂತ್ರಗಳು ಕಾಣಿಸುವ ಹೊತ್ತಿಗೆ ಅಡ್ಡಗಾಳಿಯೂ ಜೋರಾಯಿತು. ಆ ಯಂತ್ರಗಳನ್ನು ಅಲ್ಲಿ ನಿಲ್ಲಿಸಿರುವುದು ಸುಮ್ನೆ ಅಲ್ಲ. ಲಾರಿಯ ಮರೆಯಿಂದ ಹೊರಬಂದ ಕೂಡಲೇ ಕಾರನ್ನು ಪಕ್ಕಕ್ಕೆ ತಳ್ಳುತ್ತೆ, ಎರಡೂ ಕೈ ಸ್ಟೇರಿಂಗ್ ಮೇಲೆ ಇರಲಿ.

ಚಿತ್ರದುರ್ಗದಲ್ಲಿ ಒಳ್ಳೇ ಸುದ್ದಿ ಸಿಕ್ಕಿತು. ಎಂಜಿಬಿಗೆ ಆಗುವ 165/80 ಆರ್14 ಸೈಜು ಮಾರುತಿ ಸ್ವಿಫ್ಟ್‌ನದೂ ಹೌದು. ವಿದೇಶದಿಂದ ತರಿಸಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಜಿಲ್ಲಾ ಕೇಂದ್ರದ ಟೈರ್ ಅಂಗಡಿಯಲ್ಲೇ ಸಿಗುತ್ತೆ. ಐದು ಟೈರು, ಒಂದಕ್ಕೆ ₹4,800. ತಾರೀಖು ನೋಡಿಯೇ ತಗೊಂಡೆ. ಕಷ್ಟವಾಗಿದ್ದು ಟ್ಯೂಬು. ಎಲ್ಲರೂ ಟ್ಯೂಬ್‌ಲೆಸ್ ಆಗಿರುವುದರಿಂದ 14 ಇಂಚಿನ ಟ್ಯೂಬು ಯಾರೂ ಇಡಲ್ಲ, ಅಂಗಡಿಯ ಹುಡುಗ ಊರೆಲ್ಲ ಸುತ್ತಿ ಎರಡು ತಂದ. ನೀವು ಬೆಂಗಳೂರಿನಿಂದಲೇ ಎರಡು ಟ್ಯೂಬು ತಗೊಂಡು ಹೋಗಿ. ಹಾಕುವ ಮುಂಚೆ ಟೈರಿನ ಒಳಗೆ ಅಂಟಿಸಿರುವ ಕಾಗದದ ಚೀಟಿ ಕಿತ್ತು ಪೌಡರ್ ಸವರಿಸಿ, ಇಲ್ಲದಿದ್ದರೆ ಆ ಚೀಟಿ ಉಜ್ಜಿಯೇ ಟ್ಯೂಬು ತೂತಾಗುತ್ತೆ.

ಹಿರಿಯೂರಿನ ಹತ್ತಿರ ₹900 ಕೊಟ್ಟಿದ್ದ ಗಾಲಿಯನ್ನೂ ಇಲ್ಲೇ ಬಿಚ್ಚಿದರು. ಒಳಗಿದ್ದದ್ದು ನನ್ನ ಹಳೇ ಟ್ಯೂಬೇ. ಮೇಲೊಂದು ಹೊಸ ಪ್ಯಾಚು, ಅಂಚು ಇನ್ನೂ ಅಂಟಂಟು. ದುಡ್ಡು ಹೋದದ್ದಕ್ಕಿಂತ, ಅದನ್ನು ನಂಬಿ ಹೆದ್ದಾರಿಯಲ್ಲಿ ಅಷ್ಟು ದೂರ ಬಂದೆವಲ್ಲ ಅಂತ ಹೊಟ್ಟೆ ಉರಿಯಿತು.

ಹೊಸ ಟೈರು ಹಾಕಿದರೂ 75 ದಾಟಿದರೆ ನಡುಕ ಹೋಗಲಿಲ್ಲ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಕಡ್ಡಿ ಗಾಲಿಯನ್ನು ಎರಡೂ ಕಡೆಯಿಂದ ಕೋನ್ ಕೊಟ್ಟು ನಡುವಿಗೆ ಸರಿಯಾಗಿ ಹಿಡಿಸಬೇಕು, ಬೇರೆ ಗಾಲಿಯ ಹಾಗೆ ಹಾಕಿದರೆ ಲೆಕ್ಕ ತಪ್ಪುತ್ತೆ. ಅದನ್ನು ಎರಡು ಸಲ ಮಾಡಿಸಿಯೂ ಸರಿಹೋಗಲಿಲ್ಲ. ಹಾಗೇ ದಾವಣಗೆರೆ ಸೇರಿದೆವು, ರಾತ್ರಿಯಾಗಿತ್ತು.

ಲಾಡ್ಜ್ ಬಗ್ಗೆ ಒಂದೇ ಮಾತು. ಫೋನಿನಲ್ಲಿ ₹1,400 ಅಂದಿದ್ದವರು ಕಾರು ನೋಡಿದ ಮೇಲೆ ₹2,200 ಅಂದರು. ಪಾರ್ಕಿಂಗ್ ನೆಲಮಾಳಿಗೆಯಲ್ಲಿ. ಈ ಕಾರು ನೆಲದಿಂದ ಒಂದು ಗೇಣೂ ಎತ್ತರ ಇಲ್ಲ, ಇಳಿಜಾರಿನಲ್ಲಿ ಸೈಲೆನ್ಸರ್ ಕರ್ರ್ ಅಂತ ಉಜ್ಜಿತು. ಕಾರನ್ನು ಸ್ವಲ್ಪ ದೂರ ನಿಲ್ಲಿಸಿ, ನಡೆದುಕೊಂಡು ಹೋಗಿ ರೂಮು ಕೇಳಿ. ನೆಲಮಟ್ಟದಲ್ಲೇ ಪಾರ್ಕಿಂಗ್ ಇದೆಯಾ ಅಂತ ಮೊದಲೇ ಕೇಳಿ.

ಬೆಳಿಗ್ಗೆ ಹಳೇ ಪಿ.ಬಿ. ರಸ್ತೆಯಿಂದ ಒಳಗೆ ಒಂದು ಸಣ್ಣ ಹೋಟೆಲಿಗೆ ಬೆಣ್ಣೆ ದೋಸೆ ತಿನ್ನಲು ಹೋದೆವು. ಬೋರ್ಡಿನ ಬಣ್ಣ ಉದುರಿತ್ತು, ಆರು ಬೆಂಚು, ಸೌದೆ ಒಲೆ. ಕಾವಲಿ ಮುಂದೆ ನಿಂತವರು ಹಿಟ್ಟನ್ನು ಜಾಸ್ತಿ ಹರಡಲ್ಲ, ಅಂಗೈ ಎರಡರಷ್ಟು ಅಗಲ, ಸ್ವಲ್ಪ ದಪ್ಪ. ಬೆಣ್ಣೆಯನ್ನು ಚಮಚದಿಂದ ಅಲ್ಲ, ಕೈಯಿಂದಲೇ ಕಿತ್ತು ಹಾಕುತ್ತಾರೆ. ಅದು ಕರಗಿ ಅಂಚಿನ ಸುತ್ತ ಸಣ್ಣ ಗುಳ್ಳೆ ಏಳುವಾಗ ಬರುವ ಆ ವಾಸನೆಗೆ ಹಿಂದಿನ ದಿನದ ಸುಸ್ತೆಲ್ಲ ಮರೆತುಹೋಯಿತು. ತಟ್ಟೆಗೆ ಬಂದದ್ದು ಹೊರಗೆ ಗರಿಗರಿ, ಒಳಗೆ ಹತ್ತಿಯಷ್ಟು ಮೆತ್ತಗೆ. ಜೊತೆಗೆ ಖಾರವೇ ಇಲ್ಲದ ಬಿಳಿ ಆಲೂಗೆಡ್ಡೆ ಪಲ್ಯ, ನೀರಾಗಿರುವ ಕಾಯಿ ಚಟ್ನಿ. ಬೆಂಗಳೂರಿನಲ್ಲಿ ಬೆಣ್ಣೆ ದೋಸೆ ಅಂತ ಬೋರ್ಡು ಹಾಕಿರುವ ಎಷ್ಟೋ ಕಡೆ ತಿಂದಿದ್ದೇನೆ, ಆ ಚಟ್ನಿ ಎಲ್ಲೂ ಬರಲ್ಲ. ನಾಲ್ಕು ದೋಸೆ, ಎರಡು ಕಾಫಿ, ₹280. ಎಂಟು ಗಂಟೆ ಒಳಗೆ ಹೋಗಿ, ಆಮೇಲೆ ಬೆಂಚಿನ ಹಿಂದೆ ಜನ ಕಾಯುತ್ತಾ ನಿಲ್ಲುತ್ತಾರೆ. ನನಗೆ ಹಾಗೆ ಯಾರಾದರೂ ನಿಂತರೆ ತಿನ್ನೋಕೇ ಆಗಲ್ಲ.

ಗಾಲಿಯ ವಿಷಯ ಕೇಳಿದ್ದಕ್ಕೆ ಕಾವಲಿಯವರೇ ಪಕ್ಕದ ಗಲ್ಲಿ ತೋರಿಸಿದರು. ಅಲ್ಲಿ ಸೈಕಲ್, ಬುಲೆಟ್ ಗಾಲಿಗಳಿಗೆ ಕಡ್ಡಿ ಕಟ್ಟುವ ಒಬ್ಬ ಅಜ್ಜ. ಕಾರಿನ ಸುತ್ತ ಒಂದು ಸಲ ಬಂದು, "ಇದೂ ಸೈಕಲ್ ಗಾಲಿನೇ ಐತಲ್ಲ ತಮ್ಮಾ, ಜಾಕಿ ಏರಿಸು" ಅಂದರು. ಇಟ್ಟಿಗೆ ಮೇಲೆ ಸೀಮೆಸುಣ್ಣ ಊರಿ, ತುದಿ ರಿಮ್ಮಿಗೆ ಇನ್ನೇನು ತಾಗಬೇಕು ಅನ್ನುವ ಹಾಗೆ ಹಿಡಿದು, ಗಾಲಿಯನ್ನು ನಿಧಾನ ತಿರುಗಿಸಿದರು. ಎಲ್ಲಿ ಔಟ್ ಇದೆಯೋ, ಅಂದರೆ ರಿಮ್ಮು ಸೊಟ್ಟ ಇದೆಯೋ, ಅಲ್ಲಿ ಮಾತ್ರ ಬಿಳಿ ಗೀಟು ಬಿತ್ತು. ಆಮೇಲೆ ಪಾನಾದಿಂದ ಒಂದೊಂದೇ ಕಡ್ಡಿ ತಟ್ಟಿ ಕಿವಿಗೊಟ್ಟು ಕೇಳಿದರು. ಬಿಗಿ ಇದ್ದದ್ದು ಟಿಣ್ ಅನ್ನುತ್ತೆ, ಸಡಿಲ ಇದ್ದದ್ದು ಡಬ್. 60ರಲ್ಲಿ ಏಳು ಡಬ್ ಅಂದವು. ಸೀಮೆಎಣ್ಣೆ ಬಿಟ್ಟು ಕಾದು, ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಮತ್ತೆ ಸೀಮೆಸುಣ್ಣ ಹಿಡಿದರು. ಟೈರು ಬಿಚ್ಚಿ, ಒಳಗೆ ಚಾಚಿದ್ದ ಕಡ್ಡಿಯ ತುದಿಗಳನ್ನು ಅರದಿಂದ ಉಜ್ಜಿ, ಹಳೇ ಬುಲೆಟ್ ಟ್ಯೂಬಿನ ಪಟ್ಟಿ ಕತ್ತರಿಸಿ ರಿಮ್ಮಿನ ಸುತ್ತ ಕೂರಿಸಿದರು. ಎರಡು ಗಾಲಿಗೆ ಮೂರು ಗಂಟೆ ಹಿಡಿಯಿತು. ₹400 ಕೇಳಿದರು. ನಾನು ಜಾಸ್ತಿ ಕೊಡಲು ಹೋದರೆ ತಗೊಳ್ಳಲಿಲ್ಲ, "ಐವತ್ತು ಕಿಲೋಮೀಟರ್ ಓಡ್ಸಿ ಒಂದ್ಸಲ ಕಿವಿ ಬಿಗಿ ಮಾಡ್ಕೊ" ಅಂದರು.

ವಾಪಸ್ ಬರುವಾಗ ಹೆಬ್ಬಾಳು ಟೋಲ್ ದಾಟಿ 90ಕ್ಕೆ ಏರಿಸಿದೆ. ಸ್ಟೇರಿಂಗ್ ಅಲುಗಾಡಲಿಲ್ಲ. ಎರಡು ಬೆರಳಲ್ಲಿ ಹಿಡಿದರೂ ನೇರ ಹೋಗುತ್ತಿತ್ತು. ಈ ಕಾರು ಹೀಗೆ ಓಡುತ್ತೆ ಅನ್ನೋದು ಮೂರು ವರ್ಷದಲ್ಲಿ ಮೊದಲ ಸಲ ನನಗೆ ಗೊತ್ತಾಯಿತು.

ದುರ್ಗದ ಕೋಟೆಗೆ ಹೋದದ್ದು ಭಾನುವಾರ. ಕೋಟೆ ನೋಡಲೇಬೇಕು, ಆದರೆ ಹಳೇ ಕಾರಿನಲ್ಲಿ ಭಾನುವಾರ ಬೇಡ. ಇಳಿದು ಬರುವಷ್ಟರಲ್ಲಿ ಬಾನೆಟ್ ಮೇಲೆ ಮಗು ಕೂರಿಸಿ ಫೋಟೋ ತೆಗೆಯುತ್ತಿದ್ದರು. ಕಾರಿನ ಹತ್ತಿರ ಒಬ್ಬರು ಇರಲೇಬೇಕು, ಹಾಗಾಗಿ ನಾನೂ ಬಾಮೈದನೂ ಸರದಿ ಮೇಲೆ ಹತ್ತಿದೆವು. ವಾರದ ದಿನ, ಬಾಗಿಲು ತೆಗೆದ ಕೂಡಲೇ ಹೋಗಿ.

ಹೊರಡುವವರು ಆರ್‌ಸಿ, ಇನ್ಶೂರೆನ್ಸ್ ಕೈಗೆ ಸಿಗುವ ಹಾಗೆ ಇಡಿ. ನನ್ನ ಕಾರು ಹಳೇ ನಂಬರಿನಲ್ಲೇ ಇದೆ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ಕೊಡುವ 'ವಿಎ' ನಂಬರ್ ನಿಮ್ಮದಾಗಿದ್ದರೆ ಅದನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿಯಂಥದ್ದಕ್ಕೆ ಮಾತ್ರ. ಅದನ್ನು ನೋಡಿಕೊಂಡು ಪ್ಲಾನ್ ಮಾಡಿ. ಅಜ್ಜನ ಅಂಗಡಿ ಮಧ್ಯಾಹ್ನ ಊಟಕ್ಕೆ ಮುಚ್ಚುತ್ತೆ, ದೋಸೆ ತಿಂದು ನೇರ ಅಲ್ಲಿಗೇ ಹೋಗಿ. ತಾಮ್ರದ ಸುತ್ತಿಗೆ ನೀವೇ ತಗೊಂಡು ಹೋಗಬೇಕು.