ಚೇಂದಮಂಗಲದ ಕಲ್ಲು

ಇವತ್ತು ಮಧ್ಯಾಹ್ನ ಕೇರಳದ ಚೇಂದಮಂಗಲದಲ್ಲಿ ಹಳೇ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಮುಂದೆ ಸುಮ್ನೆ ನಿಂತುಬಿಟ್ಟೆ. ಆಗಷ್ಟೇ ಮಳೆ ನಿಂತಿತ್ತು. ಅಂಗಳದ ಸಮಾಧಿ ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳೊಳಗೆ ಇನ್ನೂ ನೀರಿನ ತೇವ, ಹಾಗಾಗಿ ಅವು ಕಲ್ಲಿಗಿಂತ ಕಪ್ಪಗೆ, ಈಗಷ್ಟೇ ಯಾರೋ ಬರೆದು ಹೋದ ಹಾಗೆ ಕಾಣುತ್ತಿದ್ದವು. ಸಾರಾ ಬತ್ ಇಸ್ರಾಯೇಲ್, 1269. ಬತ್ ಅಂದರೆ ಮಗಳು.

ಹೀಬ್ರೂ ನನಗೆ ಒಂದಕ್ಷರವೂ ಬರುವುದಿಲ್ಲ. ಆದರೂ ‘ಮಗಳು’ ಅನ್ನೋ ಆ ಒಂದು ಪದದ ಹತ್ತಿರ ತುಂಬಾ ಹೊತ್ತು ನಿಂತೆ.

ಇಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಕುಟುಂಬಗಳು 1950ರ ದಶಕದಲ್ಲಿ ಇಸ್ರೇಲಿಗೆ ಹೋದವು. ಆಮೇಲೆ ಕಟ್ಟಡ ಹಾಳು ಬಿದ್ದಿತ್ತು. ಅದನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ, ಎಷ್ಟು ಒಳ್ಳೆಯ ಕೆಲಸ ಅಲ್ವಾ! ಒಳಗಿನ ಮರದ ಕೆತ್ತನೆ, ಬಣ್ಣ, ಹೆಂಗಸರು ಕೂರುತ್ತಿದ್ದ ಮೇಲಿನ ಅಂತಸ್ತು, ಎಲ್ಲ ಚೆಂದ. ಆದರೆ ಮೂಲೆ ಮೂಲೆಗೂ ಹೊಸ ಬಣ್ಣ ಬಳಿಯುವುದಕ್ಕಿಂತ, ಈ ಕಲ್ಲನ್ನು ಹೀಗೇ, ಇದ್ದ ಹಾಗೇ ಉಳಿಸಿಕೊಳ್ಳುವುದು ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ಹೊರಡುವಾಗ ತಿರುಗಿ ನೋಡಿದೆ. ಬಿಸಿಲು ಬಂದಿತ್ತು. ಅಕ್ಷರಗಳು ಒಣಗಿ ಮತ್ತೆ ಕಲ್ಲಿನ ಬಣ್ಣಕ್ಕೇ ಬಂದಿದ್ದವು.