‘ದೂರ’ ಅನ್ನೋ ಉತ್ತರಕ್ಕೆ ಟಿಕ್ ಹಾಕೋ ಮುಂಚೆ

ಚಾಮರಾಜನಗರ ಜಿಲ್ಲೆಯ ಕಾಡಂಚಿನ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಅಂದರೆ ಅವರ ಹಾಡಿಗಳಲ್ಲಿ, ಆರೋಗ್ಯ ಸಮೀಕ್ಷೆ ಮಾಡುವುದು ನನ್ನ ಕೆಲಸ. ‘ಆಸ್ಪತ್ರೆಗೆ ಯಾಕೆ ಹೋಗಲಿಲ್ಲ?’ ಅಂತ ಕೇಳಿದರೆ ‘ದೂರ’ ಅಂತಾರೆ. ಫಾರಂನಲ್ಲೂ ಆ ಖಾನೆ ಇದೆ. ಟಿಕ್ ಹಾಕಿದರೆ ಮುಗೀತು, ವರದಿಯೂ ಚೆಂದ ಬರುತ್ತೆ.

ನಾನೀಗ ಬೇರೆ ಥರ ಕೇಳುತ್ತೇನೆ. ‘ಹೋದ ಸಲ ಆಸ್ಪತ್ರೆಗೆ ಹೋಗಿದ್ರಲ್ಲ, ಆವತ್ತು ಬೆಳಗ್ಗೆಯಿಂದ ಏನೇನಾಯ್ತು?’ ಆಗ ಮಾತು ಹೊರಗೆ ಬರುತ್ತೆ. ಒಬ್ಬ ಅಜ್ಜಿ ಹೇಳಿದರು: ‘ಚೀಟಿ ಮಾಡಿಸಿ ಕಫ ಕೊಟ್ಟೆ. ರಿಪೋರ್ಟಿಗೆ ನಾಳೆ ಬಾ ಅಂದ್ರು ಕಣವ್ವ. ಮಗನೂ ಜೊತೇಲಿ ಬಂದಿದ್ದ. ಇಬ್ಬರದೂ ಕೂಲಿ ಹೋಯ್ತು, ನಾಳೆನೂ ಕಳೀಬೇಕಾ?’

ಹೋಗಲು ಅವರಿಗೆ ಕಷ್ಟವಿರಲಿಲ್ಲ, ಹೋಗಿದ್ದರು. ಎರಡನೇ ಸಲ ಹೋಗುವುದೇ ಕಷ್ಟ. ಬಯಲಲ್ಲಿ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋದು ಸರ್ಕಾರದ ಲೆಕ್ಕ. ತಲೆ ಎಣಿಸೋ ಈ ಲೆಕ್ಕದಲ್ಲಿ ಬಸ್ಸಿಗೂ ಕೂಲಿಗೂ ಜಾಗವಿಲ್ಲ. ಹೊಸ ಕಟ್ಟಡ ಬೇಡ ಅಂತಲ್ಲ. ಆದರೆ ಆಶಾ ಕಾರ್ಯಕರ್ತೆ ಪೋಡಿನಲ್ಲೇ ಕಫದ ಡಬ್ಬಿ ತಗೊಂಡು, ರಿಪೋರ್ಟನ್ನೂ ಅವರೇ ತಂದು ಹೇಳಿದರೆ ಎರಡು ಓಡಾಟ ಉಳಿಯುತ್ತೆ. ನನ್ನ ಕೇಳಿದರೆ ಮೊದಲು ಆಗಬೇಕಾದ್ದು ಅದು.

ಟಿಬಿ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ ಕಾಡುತ್ತೆ. ಮಾಮೂಲಿ ಟಿಬಿಗೂ ಆರು ತಿಂಗಳು ದಿನಾ ಮಾತ್ರೆ ನುಂಗಬೇಕು. ಅಷ್ಟರಲ್ಲಿ ಕಾಫಿ ಕೊಯ್ಲು ಬರುತ್ತೆ, ಮನೆಮಂದಿಯೆಲ್ಲ ಕೊಡಗಿಗೆ ಹೊರಡುತ್ತಾರೆ. ಆಸ್ಪತ್ರೆ ರಿಜಿಸ್ಟರಿನಲ್ಲಿ ‘ಚಿಕಿತ್ಸೆ ಬಿಟ್ಟವರು’ ಅಂತ ಬರೆದುಬಿಡ್ತಾರೆ. ಪಾಪ, ಅವರು ಬಿಟ್ಟಿದ್ದು ಊರನ್ನು ಅಲ್ವಾ?

ಟಿಬಿ ರೋಗಿಯ ಹೆಸರು ನೋಂದಾಯಿಸಿದಾಗ ಸಿಗೋ ನಿಕ್ಷಯ್ ಐಡಿ ಅನ್ನೋ ಗುರುತಿನ ಸಂಖ್ಯೆ ದೇಶದಲ್ಲಿ ಎಲ್ಲಿಗೆ ಹೋದರೂ ನಡೆಯುತ್ತೆ. ಹೊರಡೋ ಮುಂಚೆಯೇ ತಿಳಿದರೆ ಚಿಕಿತ್ಸೆಯನ್ನು ಅಲ್ಲಿನ ಆಸ್ಪತ್ರೆಗೆ ವರ್ಗಾಯಿಸಬಹುದು. ಪೌಷ್ಟಿಕ ಆಹಾರಕ್ಕೆ ಅಂತ ಟಿಬಿ ರೋಗಿಗಳಿಗೆ ಸರ್ಕಾರ ತಿಂಗಳಿಗೆ ಕೊಡೋ ಹಣ 2024ರ ನವೆಂಬರಿನಿಂದ 500 ರೂಪಾಯಿ ಇದ್ದದ್ದು 1,000 ಆಗಿದೆ. ಅದು ನೇರ ಬ್ಯಾಂಕಿಗೆ ಬರೋದರಿಂದ ಪಾಸ್‌ಬುಕ್ಕನ್ನೂ ಆಗಲೇ ನೋಡಿಬಿಡುವುದು ಒಳ್ಳೇದು.

ಯಾವ ಎಸ್ಟೇಟು ಅಂತ ಕೇಳಿದರೆ ಎಷ್ಟೋ ಜನಕ್ಕೆ ಹೆಸರು ಗೊತ್ತಿರಲ್ಲ. ಕರಕೊಂಡು ಹೋಗೋ ಮೇಸ್ತ್ರಿಯ ಫೋನ್ ನಂಬರ್ ಬರೆದುಕೊಂಡರೆ ಸಾಕು, ಅವರು ಎಲ್ಲಿದ್ದಾರೆ ಅಂತ ಹುಡುಕಬಹುದು.