ಬಿದ್ದ ಹಿಮಾಲಯನ್ ಬೈಕ್, ತಿರುಚಿದ ಫೋರ್ಕ್: ಮನೆಯಲ್ಲೇ ನೇರ ಮಾಡಿದ ಕಥೆ

ಶನಿವಾರ, ದೇವರಮನೆ

ಗಾಡಿ ಬಿದ್ದಿದ್ದು ಓಡಿಸುವಾಗ ಅಲ್ಲ, ತಿರುಗಿಸುವಾಗ. ಮೂಡಿಗೆರೆ ದಾಟಿ ದೇವರಮನೆ ಗುಡ್ಡಕ್ಕೆ ಹೋಗಿದ್ದೆವು, ನಾನು ಮತ್ತು ತಮ್ಮ. ಹತ್ತು ಅಡಿ ಮುಂದೆ ಏನಿದೆ ಅಂತ ಕಾಣದಷ್ಟು ಮಂಜು. ಕಾಲಭೈರವೇಶ್ವರ ದೇವಸ್ಥಾನದಿಂದ ಸ್ವಲ್ಪ ಮುಂದೆ ಗಾಡಿ ತಿರುಗಿಸಲು ಹೋದೆ. ಹುಲ್ಲಿನ ಕೆಳಗೆ ಜಾರುಮಣ್ಣು ಇತ್ತು. ಬಲಗಾಲು ಊರಿದ ಜಾಗ ತಗ್ಗಾಗಿತ್ತು. ಅಷ್ಟೇ, ಗಾಡಿ ಬಲಕ್ಕೆ ವಾಲಿತು.

ನನ್ನದು 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಗಾಡಿಯೇ 199 ಕೆಜಿ, ಮೇಲೆ ಎರಡು ಬದಿ ಬ್ಯಾಗ್. ಒಂದು ಹದ ಮೀರಿ ವಾಲಿದ ಮೇಲೆ ಕಾಲಲ್ಲಿ ತಡೆಯೋ ಭಾರ ಅಲ್ಲ ಅದು. ಬಿಟ್ಟು ಪಕ್ಕಕ್ಕೆ ಸರಿದೆ. ಹ್ಯಾಂಡಲ್‌ನ ಬಲ ತುದಿ ಅರ್ಧ ಹೂತಿದ್ದ ಒಂದು ಕಲ್ಲಿಗೆ ಬಡಿಯಿತು. ಇಡೀ ಗಾಡಿಯ ಭಾರ ಆ ತುದಿಯ ಮೇಲೆ ಬಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಎತ್ತುವಾಗ ನೆನಪಿಡಬೇಕಾದ ಒಂದು ವಿಷಯ. ಗಾಡಿ ಬಲಕ್ಕೆ ಬಿದ್ದಿದ್ದರೆ, ಎತ್ತೋಕೆ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಿ. ಸ್ಟ್ಯಾಂಡ್ ಇರೋದು ಎಡಕ್ಕೆ. ಎತ್ತಿದ ರಭಸಕ್ಕೆ ಗಾಡಿ ಆ ಕಡೆ ವಾಲಿದರೂ ಸ್ಟ್ಯಾಂಡ್ ಮೇಲೆ ನಿಲ್ಲುತ್ತೆ. ಗೇರ್‌ನಲ್ಲಿ ಇಡಿ, ಉರುಳಲ್ಲ. ಸೀಟಿಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ, ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತಾ ಎತ್ತಬೇಕು. ಸೊಂಟ ಬಗ್ಗಿಸಿ ಎತ್ತಿದರೆ ಗಾಡಿಗಿಂತ ಮೊದಲು ಸೊಂಟ ಹೋಗುತ್ತೆ.

ಬ್ರೇಕ್ ಹಿಡಿಯುತ್ತಿದೆ, ಚಕ್ರ ತಿರುಗುತ್ತಿದೆ, ಎಲ್ಲೂ ಎಣ್ಣೆ ಸೋರಿಲ್ಲ. ಎಲ್ಲಾ ನೋಡಿಕೊಂಡು ನಿಧಾನಕ್ಕೆ ಹೊರಟೆವು. ಕೆಟ್ಟಿದ್ದು ಏನು ಅಂತ ನೂರು ಮೀಟರ್‌ನಲ್ಲೇ ಗೊತ್ತಾಯಿತು. ಹಿಮಾಲಯನ್‌ನಲ್ಲಿ ಹೆಡ್‌ಲೈಟ್, ಮೀಟರ್ ಎರಡೂ ಚಾಸಿಸ್‌ಗೆ ಕೂತಿರುತ್ತವೆ, ಹ್ಯಾಂಡಲ್ ಜೊತೆ ತಿರುಗಲ್ಲ. ಮೀಟರ್ ನೇರ ಇದೆ, ಗಾಡಿ ನೇರ ಹೋಗುತ್ತಿದೆ, ಹ್ಯಾಂಡಲ್ ಮಾತ್ರ ಬಲಕ್ಕೆ ತಿರುಗಿಕೊಂಡಿದೆ. ಹಾಸನದ ಮನೆ ತಲುಪುವವರೆಗೂ ಅದನ್ನೇ ನೋಡಿಕೊಂಡು ಬಂದೆ.

ಭಾನುವಾರ, ಕಾರ್ ಪೋರ್ಟಿಕೊ

ಹ್ಯಾಂಡಲ್ ಸೊಟ್ಟ ಕಂಡರೆ ಕಾರಣ ಮೂರರಲ್ಲಿ ಒಂದು. ಹ್ಯಾಂಡಲ್ ಬಾರ್ ಬಗ್ಗಿರಬಹುದು. ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಫೋರ್ಕ್‌ನ ಪೈಪ್ ಬಗ್ಗಿರಬಹುದು. ಇಲ್ಲಾ ಏನೂ ಬಗ್ಗದೆ, ಪೈಪ್‌ಗಳು ಕ್ಲಾಂಪಿನೊಳಗೆ ಜಾರಿ ತಿರುಚಿಕೊಂಡಿರಬಹುದು. ಮೊದಲೆರಡಕ್ಕೆ ದುಡ್ಡು ಬೇಕು, ಮೂರನೆಯದಕ್ಕೆ ತಾಳ್ಮೆ ಸಾಕು. ಹಾಗಾಗಿ ಸ್ಪ್ಯಾನರ್ ಮುಟ್ಟುವ ಮೊದಲು ಯಾವುದು ಅಂತ ತಿಳಿಯಬೇಕಿತ್ತು.

ಮೊದಲು ದಾರ. ಹಿಂದಿನ ಟೈರಿಗೆ ನೈಲಾನ್ ದಾರ ಸುತ್ತಿ, ಎರಡೂ ಬದಿಯಿಂದ ನೆಲಕ್ಕೆ ಸಮವಾಗಿ ಮುಂದಕ್ಕೆ ಎಳೆದು ಎರಡು ಇಟ್ಟಿಗೆಗೆ ಕಟ್ಟಿದೆ. ಹಿಂದಿನ ಟೈರ್ ಅಗಲ 120, ಮುಂದಿನದು 90. ವ್ಯತ್ಯಾಸ 30 ಮಿಲಿಮೀಟರ್. ಅಂದರೆ ಮುಂದಿನ ಚಕ್ರ ನೇರ ಇದ್ದಾಗ ದಾರಕ್ಕೂ ಟೈರಿಗೂ ಎರಡೂ ಕಡೆ ಸುಮಾರು 15 ಮಿಲಿಮೀಟರ್ ಸಂದು ಬರಬೇಕು. ಚಕ್ರವನ್ನು ಹಾಗೆ ಹೊಂದಿಸಿ ಮೇಲೆ ನೋಡಿದರೆ, ಹ್ಯಾಂಡಲ್‌ನ ಬಲ ತುದಿ ಎಡ ತುದಿಗಿಂತ ಎರಡೂವರೆ ಸೆಂಟಿಮೀಟರ್ ಹಿಂದೆ ಇತ್ತು.

ಆಮೇಲೆ ಹ್ಯಾಂಡಲ್ ಮರೆತು ಅದರ ಕೆಳಗೆ ಪೈಪ್‌ಗಳ ಮೇಲ್ತುದಿ ಹಿಡಿದಿರುವ ಪ್ಲೇಟ್ ನೋಡಿದೆ. ಇಲ್ಲೇ ಉತ್ತರ ಇರೋದು. ಪ್ಲೇಟ್ ನೇರ ಇದ್ದು ಹ್ಯಾಂಡಲ್ ಮಾತ್ರ ಸೊಟ್ಟ ಇದ್ದರೆ ಬಾರ್ ಬಗ್ಗಿದೆ ಅಂತ ಅರ್ಥ. ನನ್ನ ಗಾಡಿಯಲ್ಲಿ ಪ್ಲೇಟೇ ಬಲಕ್ಕೆ ತಿರುಗಿತ್ತು.

ಹ್ಯಾಂಡಲ್ ಕೂರುವ ಚಾಸಿಸ್ ಕತ್ತಿನ ಹತ್ತಿರ ಟಾರ್ಚ್ ಹಾಕಿ ನೋಡಿದೆ. ಬಣ್ಣ ಬಿರುಕು ಬಿಟ್ಟಿಲ್ಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿದೆ, ಕತ್ತಿನೊಳಗಿನ ಬೇರಿಂಗ್, ಅಂದರೆ ಕೋನ್ ಸೆಟ್, ಎಲ್ಲೂ ತಡೆಯಲಿಲ್ಲ. ಕತ್ತಿನಲ್ಲಿ ಬಿರುಕು ಕಂಡಿದ್ದರೆ ಇದು ಮನೆಯಲ್ಲಿ ಮಾಡೋ ಕೆಲಸವೇ ಅಲ್ಲ, ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಬುಧವಾರ, ಎರಡು ಅಭಿಪ್ರಾಯ

ಒಂದು ದೊಡ್ಡ ಗ್ಯಾರೇಜ್‌ನಲ್ಲಿ ತೋರಿಸಿದೆ. ಐದು ನಿಮಿಷ ನೋಡಿ, ಎರಡೂ ಪೈಪ್ ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು ಅಂದರು. ಒಂದು ಬೋಲ್ಟ್ ಕೂಡ ಬಿಚ್ಚಿ ನೋಡಲಿಲ್ಲ. ಅದು ನನಗೆ ಬೇಜಾರಾಯಿತು.

ಸಂಜೆ ನಮ್ಮ ಬಡಾವಣೆಯ ಹಳೇ ಬುಲೆಟ್ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಎರಡೂ ಪೈಪ್ ಮೇಲೆ ನೋಟ ಹಾಯಿಸಿದರು. “ಸಾರ್, ನಿಂತಲ್ಲೇ ಬಿದ್ದ ಗಾಡಿ ತಾನೆ? ಪೈಪ್ ಬೆಂಡ್ ಆಗೋಕೆ ಎದುರಿಂದ ಗುದ್ದಬೇಕು. ಇದು ಟಿಯಲ್ಲಿ ಜಾರಿದೆ. ಎಲ್ಲಾ ಲೂಸ್ ಮಾಡಿ, ಅದಾಗೇ ಕೂತ್ಕೊಳ್ಳುತ್ತೆ.” ಟಿ ಅಂದರೆ ಎರಡೂ ಪೈಪ್ ಹಿಡಿಯುವ ಕ್ಲಾಂಪ್.

“ನಾನೇ ಮಾಡಬಹುದಾ ಭಾಯ್?”

“ಮಾಡಿ ಸಾರ್. ಆದ್ರೆ ಎಲ್ಲಾ ಲೂಸ್ ಮಾಡಿ. ಒಂದೂ ಬಿಡಬೇಡಿ.”

ಆ ಕೊನೆಯ ಮಾತಿಗೆ ನಾನು ಸರಿಯಾಗಿ ಕಿವಿ ಕೊಟ್ಟಿದ್ದರೆ ಒಂದು ದಿನ ಉಳಿಯುತ್ತಿತ್ತು.

ಶನಿವಾರ, ಮೊದಲ ಪ್ರಯತ್ನ

ಪೈಪನ್ನು ಅದುಮಿ ಹಿಡಿಯುವ, ಕೆಳಗಿನ ಟಿಯ ಪಿಂಚ್ ಬೋಲ್ಟ್ ಸಡಿಲಿಸಿದೆ. ಆಕ್ಸಲ್ ಸಡಿಲಿಸಿದೆ. ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ಎಡಕ್ಕೆ ತಿರುಚಿದೆ. ನೇರ ಆಯಿತು. ಬಿಗಿ ಮಾಡಿದೆ. ಸಂಜೆ ರಿಂಗ್ ರೋಡ್‌ನಲ್ಲಿ ಒಂದು ಸುತ್ತು ಹಾಕಿ ಎರಡು ಹಂಪ್ ದಾಟುವಷ್ಟರಲ್ಲಿ ಅರ್ಧ ಸೊಟ್ಟ ವಾಪಸ್ ಬಂತು.

ಯಾಕೆ ಅಂತ ರಾತ್ರಿ ಕೂತು ಯೋಚಿಸಿದೆ. ಕೆಳಗಿನ ಟಿ ಮತ್ತು ಕತ್ತಿನೊಳಗೆ ಹೋಗುವ ದಂಡ ಎರಡೂ ಒಂದೇ ತುಂಡು. ಮೇಲಿನ ಪ್ಲೇಟ್ ಬೇರೆ ತುಂಡು. ಅದು ಆ ದಂಡದ ತುದಿಗೆ ಕೂರುತ್ತೆ, ನಡುವಿನ ದೊಡ್ಡ ನಟ್ ಅದನ್ನು ಅದುಮಿ ಹಿಡಿಯುತ್ತೆ. ಹ್ಯಾಂಡಲ್ ಕಲ್ಲಿಗೆ ಬಡಿದಾಗ ಮೇಲಿನ ಪ್ಲೇಟ್ ತಿರುಗಿದೆ, ಕೆಳಗಿನ ಟಿ ಇದ್ದಲ್ಲೇ ನಿಂತಿದೆ. ಅವೆರಡರ ನಡುವೆ ಸಿಕ್ಕ ಪೈಪ್‌ಗಳು ಒಂದು ಮುಂದಕ್ಕೆ, ಒಂದು ಹಿಂದಕ್ಕೆ ವಾಲಿವೆ. ಮುಂದಿನಿಂದ ನೋಡಿದರೆ ಸಮ ಅನ್ನಿಸುತ್ತೆ, ಪಕ್ಕದಿಂದ ನೋಡಿದರೆ ಕತ್ತರಿಯ ಎರಡು ಅಲಗಿನ ಹಾಗೆ.

ನಾನು ಆ ನಡುವಿನ ನಟ್ ಮುಟ್ಟಿರಲೇ ಇಲ್ಲ. ಮೇಲಿನ ಪ್ಲೇಟ್ ತಿರುಗಿದ ಜಾಗದಲ್ಲೇ ಬಿಗಿಯಾಗಿ ಕೂತಿತ್ತು. ನಾನು ಬಲ ಹಾಕಿ ಪೈಪ್‌ಗಳನ್ನು ಸ್ಪ್ರಿಂಗ್ ಥರ ತಿರುಚಿ ಹಿಡಿದಿದ್ದೆ. ಹಂಪ್ ಸಿಕ್ಕ ತಕ್ಷಣ ವಾಪಸ್ ಹೋಯಿತು. ಭಾಯ್ ಹೇಳಿದ “ಒಂದೂ ಬಿಡಬೇಡಿ” ಅಂದರೆ ಇದೇ.

ಭಾನುವಾರ, ಪೂರ್ತಿ ಬಿಚ್ಚಿದ ದಿನ

ಈ ಸಲ ತಮ್ಮನನ್ನೂ ಕೂರಿಸಿಕೊಂಡೆ. ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗಿನ ಚಾಸಿಸ್ ಪೈಪಿಗೆ ಹಲಗೆ ಕೊಟ್ಟು ಕಾರಿನ ಜಾಕಿಯಿಂದ ಮುಂದಿನ ಚಕ್ರ ಎತ್ತಿದೆವು. ಬ್ರೇಕ್ ಕ್ಯಾಲಿಪರ್ ಬಿಚ್ಚಿ ಹಗ್ಗದಲ್ಲಿ ಚಾಸಿಸ್‌ಗೆ ಕಟ್ಟಿದೆ. ಹೋಸ್ ಮೇಲೆ ಜೋತು ಬಿಡಬಾರದು. ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ಮಡಚಿ ಇಟ್ಟೆ. ಯಾರಾದರೂ ಮರೆತು ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬರುತ್ತೆ. ಎಬಿಎಸ್ ವೈರನ್ನು ಟೇಪ್ ಹಾಕಿ ಪಕ್ಕಕ್ಕೆ ಅಂಟಿಸಿದೆ. ಚಕ್ರ ತೆಗೆದೆ, ಮಡ್‌ಗಾರ್ಡ್ ತೆಗೆದೆ, ರಬ್ಬರ್ ಗವುಸು ಕೆಳಕ್ಕೆ ಜಾರಿಸಿದೆ. ಪೈಪ್ ಮೈ ಕಾಣಿಸಿತು.

ಪೈಪ್ ಬಗ್ಗಿದೆಯೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಸರಿಯಾದ ದಾರಿ ಅಂದರೆ ಪೈಪ್ ಹೊರಗೆ ತೆಗೆದು ಲೇತ್ ಅಂಗಡಿಯಲ್ಲಿ ಸಣ್ಣ ಬಾಗನ್ನೂ ಅಳೆಯುವ ಡಯಲ್ ಗೇಜ್ ಹಿಡಿಸೋದು. ಅದಕ್ಕೆ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಮುರಿದು, ಪೇರಿಸಿದ ಇಟ್ಟಿಗೆಗಳ ಮೇಲೆ ಟೇಪ್ ಹಾಕಿ ನಿಲ್ಲಿಸಿದೆ. ಅದರ ತುದಿ ಎಣ್ಣೆ ತಡೆಯುವ ಸೀಲ್‌ಗಿಂತ ಸ್ವಲ್ಪ ಮೇಲೆ, ಪೈಪ್‌ನ ಹೊಳೆಯುವ ಮೈಗೆ ಇನ್ನೇನು ಮುಟ್ಟಬೇಕು ಅನ್ನುವಷ್ಟು ಹತ್ತಿರ. ಸಂದಿನ ಹಿಂದೆ ಬಿಳಿ ಕಾಗದ ಹಿಡಿದರೆ ಕೂದಲೆಳೆಯಷ್ಟು ಬೆಳಕು ಕಾಣುತ್ತೆ. ಮೇಲೆ, ಕೆಳಗೆ ಪಿಂಚ್ ಬೋಲ್ಟ್ ಸಡಿಲಿಸಿ, ತಮ್ಮ ಪೈಪನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿದ. ನಾನು ನೆಲದ ಮೇಲೆ ಮಲಗಿ ಆ ಬೆಳಕಿನ ಗೆರೆ ನೋಡುತ್ತಿದ್ದೆ. ಪೈಪ್ ಬಗ್ಗಿದ್ದರೆ ಗೆರೆ ಒಂದು ಕಡೆ ಅಗಲ ಆಗಬೇಕು, ಇನ್ನೊಂದು ಕಡೆ ಪೈಪ್ ಕಡ್ಡಿಗೇ ತಾಗಬೇಕು. ಬಲಗಡೆ ಪೈಪ್, ಪೂರ್ತಿ ಸುತ್ತು, ಗೆರೆ ಅಲ್ಲಾಡಲಿಲ್ಲ. ಎಡಗಡೆಯದೂ ಅಷ್ಟೇ. ನಾನು ಎದ್ದು ಕೂತು ತಮ್ಮನ ಬೆನ್ನು ತಟ್ಟಿದೆ. ಬದಲಾಯಿಸಬೇಕು ಅಂದಿದ್ದ ಎರಡೂ ಪೈಪ್ ನೆಟ್ಟಗಿದ್ದವು.

ಆಮೇಲೆ ಗಾಜಿನ ಪರೀಕ್ಷೆ. ಗ್ಲಾಸ್ ಅಂಗಡಿಯಿಂದ ಮೇಜಿನ ಮೇಲೆ ಹಾಸುವ ದಪ್ಪ ಗಾಜಿನ ಒಂದು ಉಳಿಕೆ ತುಂಡು ತಂದಿದ್ದೆ, ಅಂಚು ಉಜ್ಜಿಸಿ. ಎರಡೂ ಪೈಪ್ ಮೇಲೆ ಅಡ್ಡ ಕೂರುವಷ್ಟು ಅಗಲ ಇದ್ದರೆ ಸಾಕು. ಗಾಜೇ ಯಾಕೆ ಅಂದರೆ ಮನೆಯಲ್ಲಿ ಸಿಗೋ ವಸ್ತುಗಳಲ್ಲಿ ಅಷ್ಟು ಸಮತಟ್ಟಾದದ್ದು ಇನ್ನೊಂದಿಲ್ಲ. ಎರಡೂ ಪೈಪನ್ನು ಮೇಲಿನ ಪ್ಲೇಟಿನಲ್ಲಿ ಒಂದೇ ಎತ್ತರಕ್ಕೆ ತಂದು, ಗಾಜನ್ನು ಕೆಳಗಿನ ಟಿಯ ಕೆಳಗೆ ಅಡ್ಡ ಒತ್ತಿ ಹಿಡಿದು, ನಾಲ್ಕು ಮೂಲೆಯನ್ನೂ ಒಂದೊಂದಾಗಿ ಬೆರಳಲ್ಲಿ ಒತ್ತಿದೆ. ಎಡ ಮೇಲಿನ ಮೂಲೆಯಲ್ಲಿ ಟಕ್, ಟಕ್. ಕಾಲು ಸಮ ಇಲ್ಲದ ಮಣೆ ಕುಲುಕುತ್ತಲ್ಲ, ಹಾಗೆ. ಪೈಪ್‌ಗಳು ಒಂದೇ ಸಮತಲದಲ್ಲಿ ಇಲ್ಲ ಅನ್ನೋದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಈಗ ನಡುವಿನ ನಟ್ ಸಡಿಲಿಸಿದೆ. ಮೇಲಿನ ಪ್ಲೇಟನ್ನು ಅಂಗೈಯಿಂದ ಮೆಲ್ಲಗೆ ಎಡಕ್ಕೆ ತಳ್ಳಿದೆ. ಜಾಸ್ತಿ ಬಲ ಬೇಡವೇ ಬೇಡ. ಸುತ್ತಿಗೆಯಂತೂ ಹತ್ತಿರ ಇಟ್ಟುಕೊಳ್ಳಲೇಬೇಡಿ. ತಮ್ಮ ಗಾಜು ಹಿಡಿದು ಮೂಲೆ ಒತ್ತುತ್ತಿದ್ದ. ಟಕ್... ಟಕ್... ಆಮೇಲೆ ಸದ್ದೇ ಇಲ್ಲ. ನಾಲ್ಕೂ ಮೂಲೆ ಕೂತವು. ಅಲ್ಲೇ ಹಿಡಿದು ಕೆಳಗಿನ ಟಿಯ ಬೋಲ್ಟ್‌ಗಳನ್ನು ಈ ಪಕ್ಕ ಸ್ವಲ್ಪ, ಆ ಪಕ್ಕ ಸ್ವಲ್ಪ ಬಿಗಿ ಮಾಡಿದೆ. ಮತ್ತೆ ಗಾಜು. ನಂತರ ನಡುವಿನ ನಟ್, ಮತ್ತೆ ಗಾಜು. ಕೊನೆಗೆ ಮೇಲಿನ ಪ್ಲೇಟಿನ ಪಿಂಚ್ ಬೋಲ್ಟ್. ಎಲ್ಲವೂ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆಗೆ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ. ಟಿಯ ಬೋಲ್ಟ್‌ಗಳನ್ನು ಕೈ ಅಂದಾಜಲ್ಲಿ ಬಿಗಿ ಮಾಡಬೇಡಿ. ಕಡಿಮೆ ಆದರೆ ಪೈಪ್ ಮತ್ತೆ ಜಾರುತ್ತೆ, ಜಾಸ್ತಿ ಆದರೆ ಟಿಯೇ ಬಿರುಕು ಬಿಡುತ್ತೆ. ನನ್ನ ಹತ್ತಿರ ರೆಂಚ್ ಇರಲಿಲ್ಲ, ಗೆಳೆಯನಿಂದ ತಂದೆ.

ಚಕ್ರ, ಮಡ್‌ಗಾರ್ಡ್, ಕ್ಯಾಲಿಪರ್ ವಾಪಸ್ ಹಾಕುವಷ್ಟರಲ್ಲಿ ಕತ್ತಲಾಯಿತು. ಬ್ರೇಕ್ ಲಿವರ್ ಗಟ್ಟಿ ಆಗುವವರೆಗೂ ಒತ್ತಿ ಬಿಟ್ಟು ಮಾಡಿದೆ. ಇದನ್ನು ಮರೆತು ಹೊರಟರೆ ಗೇಟ್ ಹತ್ತಿರ ಬ್ರೇಕ್ ಇರಲ್ಲ.

ಸೋಮವಾರ ಬೆಳಗ್ಗೆ

ಹ್ಯಾಂಡಲ್ ನೇರ ಇದೆ! ಆದರೆ ಇನ್ನೊಂದು ತೊಂದರೆ. ಮುಂದಿನ ಬ್ರೇಕ್ ಹಿಡಿದು ಅದುಮಿದರೆ ಶಾಕ್ ನುಣ್ಣಗೆ ಇಳಿಯುತ್ತಿಲ್ಲ. ಹಿಡಿದು ಹಿಡಿದು ಇಳಿಯುತ್ತೆ, ಏಳುವಾಗಲೂ ತಡವರಿಸುತ್ತೆ. 200 ಮಿಲಿಮೀಟರ್ ಆಡುವ ಫೋರ್ಕ್ ಇದು, ಸಣ್ಣ ಕಲ್ಲು ಸಿಕ್ಕರೂ ಕೈಗೆ ಹೊಡೆಯುತ್ತಿತ್ತು.

ಕಾರಣ ಬೇಗ ಹೊಳೆಯಿತು. ಆಕ್ಸಲ್ ಹಾಕಿದ ತಕ್ಷಣ ಅದರ ಪಿಂಚ್ ಬೋಲ್ಟನ್ನೂ ಬಿಗಿ ಮಾಡಿಬಿಟ್ಟಿದ್ದೆ. ಆಗ ಫೋರ್ಕ್‌ನ ಕಾಲು ಎಲ್ಲಿತ್ತೋ ಅಲ್ಲೇ ಸಿಕ್ಕಿಕೊಂಡಿತು. ಎರಡು ಕಾಲುಗಳ ಕೆಳತುದಿ ಒಂದಕ್ಕೊಂದು ಸೆಳೆದು ಹಿಡಿದ ಹಾಗೆ ಆಯಿತು, ಪೈಪ್ ಒಳಗೆ ಉಜ್ಜುತ್ತಿತ್ತು. ಪಿಂಚ್ ಬೋಲ್ಟ್ ಮತ್ತು ಮಡ್‌ಗಾರ್ಡ್ ಬೋಲ್ಟ್ ಸಡಿಲಿಸಿ, ಗಾಡಿಯನ್ನು ಸ್ಟ್ಯಾಂಡ್‌ನಿಂದ ಇಳಿಸಿ, ಬ್ರೇಕ್ ಹಿಡಿದು ಮುಂದಿನ ಭಾಗವನ್ನು ಏಳೆಂಟು ಸಲ ಜೋರಾಗಿ ಅದುಮಿದೆ. ಪ್ರತಿ ಸಲಕ್ಕೂ ಕಾಲು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತೆ. ಕೊನೆಯ ಒಂದೆರಡು ಸಲ ಎಣ್ಣೆ ಹಚ್ಚಿದ ಹಾಗೆ ಇಳಿಯಿತು. ಆಗ ಬಿಗಿ ಮಾಡಿದೆ. ಹತ್ತು ನಿಮಿಷದ ಕೆಲಸ.

ಶೆಟ್ಟಿಹಳ್ಳಿ ಓಟ

ಮುಂದಿನ ಭಾನುವಾರ ಶೆಟ್ಟಿಹಳ್ಳಿ ಕಡೆ ಹೊರಟೆ, ಗೊರೂರು ಹಿನ್ನೀರಿನಲ್ಲಿ ನಿಂತಿರುವ ಹಳೇ ಚರ್ಚ್ ಹತ್ತಿರ. ಮೊದಲ ಐದು ಕಿಲೋಮೀಟರ್ 40ರ ವೇಗ ದಾಟಲಿಲ್ಲ. ಖಾಲಿ ರಸ್ತೆಯಲ್ಲಿ ಮೀಟರ್ ನೋಡಿದೆ, ಹ್ಯಾಂಡಲ್ ನೋಡಿದೆ. ಎರಡೂ ಒಂದೇ ಕಡೆ ಮುಖ ಮಾಡಿವೆ. ಬ್ರೇಕ್ ಒತ್ತಿದರೆ ಯಾವ ಕಡೆಗೂ ಎಳೆಯಲ್ಲ. ಕೊನೆಯ ಹಾಳು ರಸ್ತೆಯಲ್ಲಿ ಬೇಕಂತಲೇ ಗುಂಡಿಗಳ ಮೇಲೆ ಬಿಟ್ಟೆ. ನೀರಿನ ಪಕ್ಕ ನಿಲ್ಲಿಸಿ, ಗವುಸು ಜಾರಿಸಿ, ಬ್ಯಾಗ್‌ನಲ್ಲಿ ಬಟ್ಟೆ ಸುತ್ತಿ ತಂದಿದ್ದ ಗಾಜು ತೆಗೆದು ಒತ್ತಿ ನೋಡಿದೆ. ನಾಲ್ಕು ಮೂಲೆಯಲ್ಲೂ ಸದ್ದಿಲ್ಲ. ಬಹಳ ಖುಷಿಯಾಯಿತು.

ವಾಪಸ್ ಬರುವಾಗ ಭಾಯ್ ಅಂಗಡಿ ಹತ್ತಿರ ನಿಲ್ಲಿಸಿದೆ. ಅವರು ಮತ್ತೆ ಒಂದು ಕಣ್ಣು ಮುಚ್ಚಿ ನೋಡಿದರು. “ಕೂತಿದೆ ಸಾರ್” ಅಂದರು.

ಬಾಕಿ ಇರೋದು ಇಷ್ಟು. ಬಲಗಡೆ ಹ್ಯಾಂಡಲ್ ತುದಿಗೆ ಹಾಕುವ ತೂಕದ ತುಂಡು ಸವೆದಿದೆ, ಬದಲಾಯಿಸಬೇಕು. ಒಂದು ಗವುಸಿನ ಕ್ಲಿಪ್ ಮುರಿದಿದೆ, ಸದ್ಯಕ್ಕೆ ಕೇಬಲ್ ಟೈ ಹಾಕಿದ್ದೇನೆ. 200 ಕಿಲೋಮೀಟರ್ ಆದ ಮೇಲೆ ಟಿಯ ಬೋಲ್ಟ್‌ಗಳಿಗೆ ಮತ್ತೊಮ್ಮೆ ರೆಂಚ್ ಹಿಡಿಯಬೇಕು. ಈಗ 64 ಆಗಿದೆ.